ಸಪ್ಪಳವಿಲ್ಲದ ಚಪ್ಪಲಿ

ಚಪ್ಪಲಿ ಹೊಸಿಲು ದಾಟಿ ನಡುಮನೆಗೆ ಬಂದಾಗ ಉಪ್ಪಾರಹಳ್ಳಿಯ ಆ ಮನೆಯ ಏಳು ತಲೆಮಾರಿನ ಹಿರಿಯರು ಗೋಡೆಯೊಳಗಿಂದ ಒಟ್ಟಿಗೆ ಕೆಮ್ಮಿರಬೇಕು. ಬದುಕಿದ್ದ ಹಿರಿಯರು ಒಬ್ಬರೇ, ಗಂಗಾಂಬಿಕೆಯ ಮಾವ ಏಕಾಂತಯ್ಯ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ಕೆಮ್ಮಲಿಲ್ಲ.

"ಇದೇನೇ, ಕುಣಿಗಲ್ ಕೆರೇಲಿ ಬಿಡೋ ದೋಣಿನಾ?" ಎಂದ ಗಂಡ ಪ್ರಭುದೇವ. ಚಪ್ಪಲಿಯ ಅಡಿಭಾಗ ಅಷ್ಟು ದಪ್ಪ. ಮುಂಭಾಗ ಮೇಲಕ್ಕೆ ಬಾಗಿತ್ತು.

"ನಗ್ರಿ, ನಗ್ರಿ. ಕಾಲ್ ಹೆಬ್ಬೆಟ್ಟಿನ ಕೀಲು ಸವೆದೋಗೈತೆ, ಬೆರಳು ಬಗ್ಗಬಾರ್ದು, ಮನೆಯೊಳಗೂ ಹಾಕ್ಕೊಂಡೇ ಓಡಾಡಿ ಅಂದವ್ರೆ ಡಾಕ್ಟ್ರು."

"ದೇವ್ರ ಮನೆ ಪಕ್ಕ ಚಪ್ಪಲೀನಾ? ಗುಬ್ಬಿ ಸೋದರತ್ತೆ ನೋಡಿದ್ರೆ ಅದ್ರಲ್ಲೇ ಹೊಡೀತಾಳೆ."

"ಹೊಡೀಲಿ ಬುಡಿ. ಮೆತ್ತಗೈತೆ."

ಆ ನೋವೋ, ತುಮಕೂರಿನ ಹಲ್ಲುನೋವನ್ನೆಲ್ಲ ಗಂಟು ಕಟ್ಟಿ ಒಂದೇ ಬೆರಳಿಗೆ ಹೊರಿಸಿದಂಥದ್ದು. ಹೊಸ ಚಪ್ಪಲಿಯಲ್ಲಿ ಬೆರಳು ಬಗ್ಗದೆಯೇ ಪಾದ ಉರುಳಿಕೊಂಡು ಮುಂದೆ ಹೋಗುತ್ತಿತ್ತು. ಗಂಗಾಂಬಿಕೆ ಅಡುಗೆಮನೆಯಿಂದ ಹಿತ್ತಲಿಗೆ ಬೆಕ್ಕೂ ನಾಚುವ ಹಾಗೆ ನಡೆದಳು.

ಸದ್ದಿಲ್ಲದ್ದೇ ತೊಂದರೆಯಾಯಿತು. ಅವಳ ಅತ್ತೆ ಉಮಾಮಹೇಶ್ವರಿಗೂ ಇದೇ ಬೆರಳು, ಇದೇ ನೋವು. ಧಪ್, ಸರ್ರ್. ಧಪ್, ಸರ್ರ್. ಆಕೆ ಕಾಲೆಳೆದ ಸದ್ದು ಕೇಳಿಯೇ ಆ ಬೀದಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಹೋದ ವರ್ಷ ಆಕೆ ತೀರಿಕೊಂಡರು. ಆಮೇಲೆ ಸೊಸೆಯೂ ಕುಂಟತೊಡಗಿದಾಗ ಅದೇ ಸದ್ದು ಮನೆಯಲ್ಲಿ ಎದ್ದು ಓಡಾಡಿತು. "ಉಮಾ, ಬಂದ್ಯಾ?" ಎಂದು ಮಂಚದಿಂದ ಕೇಳುತ್ತಿದ್ದರು ಏಕಾಂತಯ್ಯ. "ಅತ್ತೆ ಇಲ್ಲ ಮಾವಯ್ಯ" ಎಂದು ಹೇಳಿದಾಗಲೆಲ್ಲ, ಆಗಷ್ಟೇ ಸುದ್ದಿ ತಿಳಿದವರಂತೆ ಅಳುತ್ತಿದ್ದರು. ಸಾಕಾಗಿ ಒಂದು ಮಧ್ಯಾಹ್ನ ಗಂಗಾಂಬಿಕೆ "ಹೂಂ" ಅಂದುಬಿಟ್ಟಿದ್ದಳು. ಅಂದಿನಿಂದ ಅವರು ತಟ್ಟೆ ಬಳಿದು ಉಣ್ಣುತ್ತಿದ್ದರು.

ಚಪ್ಪಲಿ ಬಂದಾಗಿನಿಂದ ತುತ್ತು ಮುಟ್ಟಿರಲಿಲ್ಲ.

"ಮಾವಯ್ಯ, ಒಂದ್ ತುತ್ತು ಉಣ್ಣಿ."

"ಅವ್ಳು ಬರ್ಲಿ."

"ನಾನು ಬಂದಿದೀನಲ್ಲ."

"ನೀನ್ಯಾವಾಗ್ ಬಂದೆ ಕಣವ್ವ? ಗಾಳಿ ಬಂದಂಗ್ ಬತ್ತೀಯ. ಅವ್ಳು ಎಲ್ಲೋದ್ಲು? ಯಾರಾದ್ರೂ ಏನಾದ್ರೂ ಅಂದ್ರಾ?"

ಗಂಗಾಂಬಿಕೆ ಬಾಗಿಲ ಹಿಂದೆ ನಿಂತು ಚಪ್ಪಲಿ ಬಿಟ್ಟಳು. ಬರಿಗಾಲನ್ನು ನೆಲಕ್ಕಿಟ್ಟು ಒಂದು ಹೆಜ್ಜೆ ಎತ್ತಿದಳು ಅಷ್ಟೇ, ನೋವು ನೆತ್ತಿಯವರೆಗೆ ಏರಿ ಕಣ್ಣು ಕತ್ತಲಾಯಿತು. ಬಾಯಿಗೆ ಸೆರಗು ತುರುಕಿಕೊಂಡು ಮತ್ತೆ ಚಪ್ಪಲಿ ಮೆಟ್ಟಿದಳು. ತಟ್ಟೆಯನ್ನು ಹಾಗೇ ಒಳಗೆ ತಂದಿಟ್ಟಳು.

ಒಲೆ ಆರಿಸುವ ಹೊತ್ತಿಗೆ ನಡುಮನೆಯಲ್ಲಿ ಕೇಳಿಸಿತು.

ಧಪ್. ಸರ್ರ್.

ಗಂಗಾಂಬಿಕೆ ತನ್ನ ಪಾದಗಳನ್ನು ನೋಡಿಕೊಂಡಳು. ಅವು ಅಲುಗಿರಲಿಲ್ಲ. ಗಂಡ ಅಂಗಡಿಗೆ ಹೋಗಿದ್ದ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅವಳ ಮೈ ಹಿಮದ ಗಡ್ಡೆಯಾಯಿತು.

ಧಪ್. ಸರ್ರ್.

ಬಾಗಿಲ ಸಂದಿಯಿಂದ ಇಣುಕಿದಳು. ತಿಂಗಳುಗಟ್ಟಲೆ ಮಂಚ ಬಿಟ್ಟಿಳಿಯದಿದ್ದ ಏಕಾಂತಯ್ಯ ಗೋಡೆ ಹಿಡಿದು ನಡೆಯುತ್ತಿದ್ದರು. ಎಡಗಾಲನ್ನು ಗಟ್ಟಿಯಾಗಿ ಊರಿ, ನೋವೇ ಇಲ್ಲದ ಬಲಗಾಲನ್ನು ಎಳೆದು, ನಿಂತು, ತಲೆ ವಾರೆ ಮಾಡಿ ಕಿವಿಗೊಡುತ್ತಿದ್ದರು. ಮತ್ತೆ ಎಳೆಯುತ್ತಿದ್ದರು.

ಅಡುಗೆಮನೆಯ ಬಾಗಿಲ ಹತ್ತಿರ ಬಂದಾಗ ಅವರು ಗೋಡೆಗೆ ಬೆನ್ನು ಒತ್ತಿ, ಪಂಚೆಯನ್ನು ಪಕ್ಕಕ್ಕೆ ಸರಿಸಿಕೊಂಡು, ಒಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು ನಿಂತರು.