ಕತ್ತಲಲ್ಲೂ ಮಾಸಿದ ನೀಲಿ

ನೀಲಿ ಬಣ್ಣದ ನೀರಿಗೆ ತನ್ನ ಪುಡಿ ಬೆರೆಸಿ, ಕರಿ ಪೆಟ್ಟಿಗೆಯೊಳಗಿಟ್ಟು, ಅದರೊಳಗಿನ ದೊಡ್ಡ ದೀಪದ ಸ್ವಿಚ್ಚು ಒತ್ತಿ ಕೆಮಿಸ್ಟ್ರಿ ಪ್ರೊಫೆಸರ್ ಪ್ರೇಮಲತಾ ಪ್ರಿನ್ಸಿಪಾಲರ ಮೀಟಿಂಗಿಗೆ ಹೋದಳು. ತುಮಕೂರಿನಲ್ಲಿ ಮಧ್ಯಾಹ್ನದ ಕರೆಂಟನ್ನು ನಂಬುವುದೂ ಒಂದೇ, ಮೀಟಿಂಗು ಬೇಗ ಮುಗಿಯುತ್ತದೆಂದು ನಂಬುವುದೂ ಒಂದೇ. ಬಂದು ನೋಡಿದರೆ ದೀಪ ಆರಿ ತಣ್ಣಗಾಗಿತ್ತು. ಯುಪಿಎಸ್‌ಗೆ ಸೇರಿಸಿದ್ದ ಕಲಕುವ ಯಂತ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

"ನೀವು ಆ ಕಡೆ ಹೋದ್ರಿ, ಈ ಕಡೆ ಕರೆಂಟ್ ಹೋಯ್ತು ಮೇಡಂ," ಎಂದ ಲ್ಯಾಬ್ ಅಟೆಂಡರ್ ಅಶ್ವಥ್.

ಅವಳು ಪುಡಿ ತಳಕ್ಕೆ ಇಳಿಯುವವರೆಗೆ ಕಾದು ಗಾಜಿನ ಲೋಟವನ್ನು ಕಿಟಕಿಗೆ ಹಿಡಿದಳು. ನೀರು ತಿಳಿಯಾಗಿತ್ತು, ನೀಲಿ ಚೂರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರೇನೋ, ಅವಳು ಆರಿದ ದೀಪವನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

ಬೆಳಕು ಬಿದ್ದರೆ ನೀರಿನ ಬಣ್ಣವನ್ನು ಒಡೆದು ಹಾಕುವ ಪುಡಿ ಎಂದೇ ಅವಳು ಹೆಸರು ಮಾಡಿದ್ದು. ಜಿಂಕ್ ಆಕ್ಸೈಡಿಗೆ ಗುಬ್ಬಿಯ ತವರುಮನೆ ತೋಟದ ತೆಂಗಿನ ಚಿಪ್ಪಿನ ಇದ್ದಿಲು ಸೇರಿಸಿ ಮಾಡಿದ ಪುಡಿ. ಬಣ್ಣದ ಕಾರ್ಖಾನೆಗಳ ಕೊಳೆ ನೀರನ್ನು ಬರೀ ಬಿಸಿಲಿನಲ್ಲೇ ತೊಳೆಯಬಹುದು ಎಂದು ಪೇಪರಿನವರೂ ಬರೆದಿದ್ದರು. ಅದನ್ನೇ ಗಾಜಿಗೆ ಬಳಿದು ಸೋಲಾರ್ ಸೆಲ್ ಕೂಡ ಮಾಡಿದ್ದಳು. ಅದರಿಂದ ಬಂದ ಕರೆಂಟಿಗೆ ಸೊಳ್ಳೆಯೂ ಸಾಯುತ್ತಿರಲಿಲ್ಲ, ಆ ಮಾತು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಕತ್ತಲಲ್ಲೂ ಬಣ್ಣ ಹೋಗಿದೆಯೆಂದರೆ ಬೆಳಕಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಇದ್ದಿಲು ಬಣ್ಣವನ್ನು ಹೀರಿಕೊಂಡು ಕೂತಿತ್ತು, ಅಷ್ಟೇ. ದೀಪ ಹಾಕುವ ಮುಂಚೆ ಕತ್ತಲಲ್ಲಿಟ್ಟು ಪರೀಕ್ಷಿಸಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ತಾನೇ ಎಷ್ಟೋ ಸಲ ಕ್ಲಾಸಿನಲ್ಲಿ ಹೇಳಿದ ಪಾಠ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಗಿತ್ತು ಅವಳ ಸ್ಥಿತಿ. ಮಾರನೆಯ ದಿನ ಲೋಟಕ್ಕೆ ಕರಿ ಕಾಗದ ಸುತ್ತಿ ಬೀರುವಿನೊಳಗಿಟ್ಟು ಮತ್ತೆ ನೋಡಿದಳು. ನೀರು ಮತ್ತೆ ತಿಳಿಯಾಯಿತು.

ತನ್ನೊಬ್ಬಳ ಮಾನ ಹೋಗುವುದಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಅವಳ ಕೈಕೆಳಗೆ ಅಕ್ಷತಾ ಇದ್ದಳು. ಐದು ವರ್ಷ ಕುಣಿಗಲ್‌ನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಇದೇ ಪುಡಿಯ ಮೇಲೆ ಪಿಎಚ್‌ಡಿ ಬರೆದು ಮುಗಿಸಿದ್ದ ಹುಡುಗಿ. ಸೋಮವಾರ ಅವಳ ವೈವಾ. ಡಾಕ್ಟರೇಟ್ ಕೈಗೆ ಬಂದರೆ ಕುಣಿಗಲ್‌ನ ಕಾಲೇಜೊಂದರಲ್ಲಿ ಕೆಲಸ ಕಾಯಂ. ಈ ಸಲ ತಪ್ಪಿದರೆ ಆ ಜಾಗಕ್ಕೆ ಬೇರೆಯವರು ಕಾದು ನಿಂತಿದ್ದರು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಅವಳನ್ನು ಲ್ಯಾಬಿಗೇ ಕರೆಸಿದಳು. ಕರಿ ಕಾಗದ ಬಿಚ್ಚಿ ಲೋಟ ತೋರಿಸಿದಳು. ಅಕ್ಷತಾ ನೋಡಿದಳು. ಗಾಬರಿಯಾಗಲಿಲ್ಲ.

"ನಂಗೊತ್ತಿತ್ತು ಮೇಡಂ."

"ಏನೇ ಗೊತ್ತಿತ್ತು?"

"ಫಸ್ಟ್ ಇಯರ್‌ನಲ್ಲೇ ಒಂದಿನ ಕತ್ಲಲ್ಲಿಟ್ಟು ನೋಡಿದ್ದೆ. ಬಣ್ಣ ಹೋಗಿತ್ತು."

"ಅಯ್ಯೋ, ನನಗೆ ಹೇಳ್ಬಾರ್ದಿತ್ತೇನೇ?"

"ಹೇಳಿದ್ದೆ ಮೇಡಂ," ಎಂದಳು ಅಕ್ಷತಾ ನೆಲ ನೋಡುತ್ತಾ. "ಬೆಳಕಿನ ಕೆಲ್ಸ ಮಾಡೋಳಿಗೆ ಕತ್ಲಲ್ಲೇನಿದೆ ನೋಡೋಕೆ, ಸುಮ್ನೆ ದೀಪ ಹಾಕಿ ರೀಡಿಂಗ್ ತಗೋ ಅಂದ್ರಿ. ನಾನೇ ಏನೋ ತಪ್ಪು ಮಾಡಿರ್ಬೇಕು ಅಂದ್ಕೊಂಡೆ. ನೀವು ಹೇಳಿದ್ಮೇಲೆ ಮುಗೀತಲ್ಲ ಮೇಡಂ."

ಪ್ರೇಮಲತಾಗೆ ಆ ದಿನ ನೆನಪಾಗಲಿಲ್ಲ, ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಒಂದು ಹುಡುಗಿಯ ಐದು ವರ್ಷವನ್ನು ನೀರಿಗೆ ಹಾಕಿದ ಮಾತು ಅವಳ ತಲೆಯಲ್ಲಿ ಒಂದು ಗಳಿಗೆಯೂ ನಿಂತಿರಲಿಲ್ಲ.

"ಎಕ್ಸಾಮಿನರ್‌ಗೆ ನಾನು ಹೇಳಲೇಬೇಕು ಕಣೇ. ಈ ಪ್ರಬಂಧ ನಿಲ್ಲಲ್ಲ."

ಅಕ್ಷತಾ ಕರಿ ಕಾಗದ ಮಡಚಿಡುತ್ತಾ, "ಹಂಗಾದ್ರೆ ಆ ಟೆಸ್ಟ್ ಬಿಟ್ಟಿದ್ದು ನಾನು ಅನ್ನಿ ಮೇಡಂ. ನಿಮ್ ಹೆಸ್ರು ಯಾಕೆ ಹಾಳಾಗ್ಬೇಕು," ಎಂದಳು.

ಒಂದು ಕ್ಷಣ ಪ್ರೇಮಲತಾಗೆ ಹಾಯೆನಿಸಿತು. ನಿಜವಾಗಿಯೂ ಹಾಯೆನಿಸಿತು. ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಮತ್ತೆ ಮನಸ್ಸು ಬದಲಾಗುವ ಮುಂಚೆ ಎಂದು ಮೊಬೈಲ್ ಎತ್ತಿ ಎಕ್ಸಾಮಿನರ್ ನಂಬರು ಒತ್ತಿದಳು. ಆ ಕಡೆ ರಿಂಗಾಗತೊಡಗಿತು.

ಆಗ ಅಕ್ಷತಾ ಮುಂದೆ ಬಂದು ಅವಳ ಮೊಣಕೈ ಹಿಡಿದಳು.

"ಬೇಡ ಮೇಡಂ. ಸೋಮವಾರ ಒಂದು ಕಳ್ದೋಗ್ಲಿ. ಆಮೇಲೆ ಯಾರ್ಗೆ ಏನ್ ಬೇಕಾದ್ರೂ ಹೇಳಿ, ನಾನು ಅಡ್ಡ ಬರಲ್ಲ. ಈಗ್ಬೇಡ. ಒಂದ್ಸಲ ನನ್ ಮಾತು ಕೇಳಿ ಮೇಡಂ."

ಐದು ವರ್ಷದಲ್ಲಿ ಆ ಹುಡುಗಿ ಎದುರಾಡಿದ್ದು ಅದೇ ಮೊದಲು. ಪ್ರೇಮಲತಾ ಈ ಸಲವೂ ಅವಳ ಮಾತು ಕೇಳಲಿಲ್ಲ.

"ಹಲೋ ಸರ್," ಎಂದಳು.