ಬೀಜಕ್ಕೆ ಬಿಟ್ಟ ಕಾಯಿ

ಕಾಲು ತೊಳೆದು ಜಗಲಿಯ ಮೇಲೆ ಕುಳಿತ ಶಾಮಲಾಳ ಮೈದುನ ವಿಠ್ಠಲ, ಕೊಟ್ಟ ನೀರನ್ನು ಕುಡಿಯುವ ಮೊದಲೇ ಹೇಳಿಬಿಟ್ಟ:

“ವೈನಿನ್ನ ಕರಕೊಂಡು ಹೋಗ್ಲಿಕ್ಕೆ ಬಂದೇನ್ರಿ. ಅವ್ವ ಬಾವಿಕಟ್ಟಿ ಮ್ಯಾಲ ಜಾರಿ ಬಿದ್ದು ಕಾಲು ಮುರಕೊಂಡಾಳ. ದ್ವಾದಶಿ ಅಡಗಿಗೆ ಮನ್ಯಾಗ ಯಾರೂ ಇಲ್ಲ. ನಾಳೆ ಮುಂಜಾನೆನ ಗಾಡಿ ಹೂಡಬೇಕು.”

ಬಾಗಿಲ ಮರೆಯಲ್ಲಿ ನಿಂತಿದ್ದ ಗೋಪಿಕಾಬಾಯಿಗೆ ಹಿತ್ತಲಿನ ಹೀರೇ ಚಪ್ಪರ ಕಣ್ಣಿಗೆ ಕಟ್ಟಿತು. ಅಂದು ದಶಮಿ. ತರಕಾರಿ ಮುಟ್ಟದ ಶಾಕವ್ರತದ ತಿಂಗಳು ಆ ರಾತ್ರಿಗೆ ಮುಗಿಯುತ್ತಿತ್ತು. ನಾಳೆ ಏಕಾದಶಿ, ಒಲೆ ಹೊತ್ತುವುದಿಲ್ಲ. ನಾಡಿದ್ದು ದ್ವಾದಶಿಯ ಬೆಳಗಿಗೆ ಎಳೆಯ ಹೀರೇಕಾಯಿಯ ಪಲ್ಯ, ಸಿಪ್ಪೆಯ ಚಟ್ನಿ ಮಾಡಿ ಮಗಳಿಗೆ ಬಡಿಸುವುದೆಂದು ಅವಳು ಎಣಿಸಿಕೊಂಡಿದ್ದಳು.

ಶಾಮಲಾ ನಾಗರಪಂಚಮಿಗೆಂದು ಸಾವಣೂರಿನಿಂದ ಹಾನಗಲ್ಲಿನ ತವರಿಗೆ ಬಂದಿದ್ದಳು. ಎರಡನೆಯ ಬಸಿರು. ಮೊದಲನೆಯದು ಹುಟ್ಟಿ ಉಳಿದಿರಲಿಲ್ಲ. ಬಯಕೆ ತೀರದೆ ಹೋದದ್ದಕ್ಕೇ ಹಾಗಾಯಿತೆಂದು ಓಣಿಯ ಮುದುಕಿಯರು ಆಡಿದ ಮಾತು ಗೋಪಿಕಾಬಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ಸಲ ಬಂದ ದಿನವೇ ಮಗಳು ಬಾಯಿಬಿಟ್ಟು ಕೇಳಿದ್ದಳು, “ಅವ್ವಾ, ನಿನ್ನ ಕೈಯಾಂದು ಹೀರೀಕಾಯಿ ಪಲ್ಯ ಒಂದು ತುತ್ತು.” ಅತ್ತೆಯ ಮನೆಯಲ್ಲಿ ಅದು ಸಿಗುವಂತಿರಲಿಲ್ಲ. ಅತ್ತೆ ಕಾಶಿಗೆ ಹೋದಾಗ ಗಂಗೆಯಲ್ಲಿ ಹೀರೇಕಾಯಿ ತಿನ್ನುವುದನ್ನೇ ಬಿಟ್ಟು ಬಂದಿದ್ದಳು. ಹಿರಿಯಳು ಬಿಟ್ಟದ್ದು ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಶಾಮಲಾ ತವರಿಗೆ ಬರುವುದು ಪಂಚಮಿಗೊಮ್ಮೆ. ಪಂಚಮಿ ಬರುವುದು ಶಾಕವ್ರತದ ನಡುವೆ.

ಒಳಗೆ ಗೋಪಿಕಾಬಾಯಿ ಗಂಡನಿಗೆ ಮೆಲ್ಲಗೆ ಹೇಳಿದಳು, “ಪಾರಣಿ ಮುಗಿಸಿ ಕಳಸ್ತೇವಿ ಅಂತ ಒಂದು ಮಾತು ಹೇಳ್ರಲಾ.”

ವೆಂಕಟೇಶಾಚಾರ್ಯರು ಜಪದ ಮಣಿಯ ಮೇಲೆ ಬೆರಳು ನಿಲ್ಲಿಸಿದರು. “ಹೆಣ್ಣು ಕೊಟ್ಟವರು ನಾವು. ಬೀಗತಿ ಕಾಲು ಮುರಕೊಂಡು ಮಲಗ್ಯಾಳ, ನಾವು ಹೀರೀಕಾಯಿ ಸಂಬಂಧ ಮಗಳನ್ನ ಇಟಗೋತೇವಿ ಅಂತ ಹೇಳಲೇನು?”

ಆಡಿದರೆ ನಗೆಗೀಡಾಗುವ ಸಂಕಟ ಅದು. ಅವಳು ಹಿತ್ತಲಿಗೆ ನಡೆದಳು. ಜ್ಯೇಷ್ಠದ ಮೊದಲ ಮಳೆಗೆ ಊರಿ, ಒಲೆಯ ಬೂದಿ ಉಣಿಸಿ ಬೆಳೆಸಿದ ಬಳ್ಳಿ ಎದೆಯೆತ್ತರದ ಚಪ್ಪರದ ತುಂಬ ಹಬ್ಬಿ ಕಾಯಿ ಇಳಿಬಿಟ್ಟಿತ್ತು. ಒಂದು ಬಲಿತ ಕಾಯಿಗೆ ಹಳೆಯ ಸೀರೆಯ ಚಿಂದಿ ಕಟ್ಟಿತ್ತು. ಅದು ಬೀಜಕ್ಕೆ ಬಿಟ್ಟದ್ದು; ಚಿಂದಿ ಕಂಡರೆ ಮನೆಯಲ್ಲಿ ಯಾರೂ ಹರಿಯುತ್ತಿರಲಿಲ್ಲ.

ಗೋಡೆಯಾಚೆ ಆಡುಗಳಿಗೆ ಸೊಪ್ಪು ಹಾಕುತ್ತಿದ್ದ ಒಕ್ಕಲಗಿತ್ತಿ ಸಾವಂತ್ರವ್ವ ಸುದ್ದಿ ಕೇಳಿ ಸೆರಗು ಸಿಕ್ಕಿಸಿಕೊಂಡಳು.

“ನಾಕು ಕಾಯಿ ಹರದು ಇತ್ತಾಗ ಒಗೀರಿ ಬಾಯಾರ. ಈಗಿಂದೀಗ ಪಲ್ಯ ಮಾಡಿ ಗ್ವಾಡಿ ಮ್ಯಾಲ ಇಡ್ತೇನಿ. ಬಸರಿ ಹೆಣಮಗಳು, ಯಾರ ನೋಡ್ತಾರ?”

“ವ್ರತದಾಗ, ಅದೂ ನಿನ್ನ ಕೈಯಾಂದು ತಿಂದು ಅತ್ತಿಮನಿ ದೇವರ ಅಡಗಿ ಹ್ಯಾಂಗ ಮಾಡ್ತಾಳವ್ವಾ?”

“ನಿಮ್ಮ ದೇವ್ರು ಬೆಳ್ಯಾಕ ಬಿಡ್ತಾನ, ತಿನ್ನಾಕ ಬಿಡಾಂಗಿಲ್ಲ. ನಮ್ಮ ಗೌಡನಂಗ ಅದಾನ ಬಿಡ್ರಿ!”

ಗೋಪಿಕಾಬಾಯಿಗೆ ನಗು ಬಂತು. ಅದು ಮುಗಿಯುವ ಮೊದಲೇ ಕಣ್ಣು ತುಂಬಿದವು.

ಏಕಾದಶಿಯ ಬೆಳಗ್ಗೆ ಜಿಟಿಜಿಟಿ ಮಳೆ. ಅಕ್ಕಿ, ಕೊಬ್ಬರಿ, ಅರಿಶಿನಬೇರು ಇಟ್ಟು ತಾಯಿ ಮಗಳ ಉಡಿ ತುಂಬಿದಳು. ಹೊರಗೆ ವಿಠ್ಠಲ ಎತ್ತುಗಳನ್ನು ನೊಗಕ್ಕೆ ಕಟ್ಟುತ್ತಿದ್ದ.

“ಮಾರಿ ತೊಳಕೊಂಡು ಬರ್ತೇನವ್ವಾ,” ಎಂದು ಶಾಮಲಾ ಹಿತ್ತಲಿಗೆ ಹೋದಳು. ತುಸು ತಡವಾಗಿಯೇ ಬಂದಳು. ಮುಖ ತೊಳೆದ ಹಾಗಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಪಾದಗಳಿಗೆ ಬೂದಿ ಬೆರೆತ ಕೆಸರು ಮೆತ್ತಿತ್ತು.

“ಮುಂದಿನ ಪಂಚಮಿಗೆ...” ಎಂದು ತೊಡಗಿದ ಗೋಪಿಕಾಬಾಯಿ ಅಲ್ಲಿಗೇ ನಿಲ್ಲಿಸಿದಳು.

“ಅಳಬ್ಯಾಡವ್ವಾ. ಈಗ ನನಗ ಬಯಕಿ ಇಲ್ಲ.”

ತನ್ನನ್ನು ಸಮಾಧಾನಪಡಿಸಲು ಆಡಿದ ಮಾತೆಂದುಕೊಂಡಳು ತಾಯಿ. ಗಾಡಿ ಓಣಿಯ ತಿರುವಿನಲ್ಲಿ ಮರೆಯಾದ ಮೇಲೂ ಗಾಲಿಯ ಸದ್ದು ಮಳೆಯಲ್ಲಿ ಬಹಳ ಹೊತ್ತು ಕೇಳುತ್ತಿತ್ತು.

ದ್ವಾದಶಿಯ ನಸುಕಿನಲ್ಲಿ ಹೂ ಬಿಡಿಸಲು ಹೋದ ಆಚಾರ್ಯರು ಹಿತ್ತಲಿನಿಂದಲೇ ಕೂಗಿದರು. “ಏ, ಇಲ್ಲೆ ಬಾ. ಸಾವಂತ್ರವ್ವನ ಆಡು ಗ್ವಾಡಿ ಹಾರೇದ ನೋಡು. ಕಾಯಿ ಬಳ್ಳ್ಯಾಗನ ಕಚ್ಚಿ ಬಿಟ್ಟದ.”

ಗೋಪಿಕಾಬಾಯಿ ಬಂದು ನೋಡಿದಳು. ಚಪ್ಪರದ ಒಳಬದಿಯಲ್ಲಿ, ಎಲೆಗಳ ಮರೆಯಲ್ಲಿ, ಒಂದು ಎಳೆಯ ಕಾಯಿ ತೊಟ್ಟು ಕಳಚದೆ ತೂಗುತ್ತಿತ್ತು. ಅದರ ಏಣುಗಳನ್ನು ಮುರಿದು ಒಂದೇ ಒಂದು ತುತ್ತಿನಷ್ಟು ಗುರುತು. ಬಿಳಿಯ ತಿರುಳು ಕಂದಿತ್ತು. ಸುತ್ತಲಿನ ಒಂದು ಎಲೆಯೂ ಹರಿದಿರಲಿಲ್ಲ.

“ಹೌದ್ರಿ,” ಎಂದಳು ಅವಳು ಕೊನೆಗೆ. “ಆಡನ ಇರಬೇಕು.”

“ಎಂಜಲಾತು. ಹರದು ಒಗಿ,” ಎಂದು ಆಚಾರ್ಯರು ಹೂಬುಟ್ಟಿ ಹಿಡಿದು ಒಳಗೆ ಹೋದರು.

ಪಾರಣೆಯ ಹೊತ್ತು ಮೀರುತ್ತಿತ್ತು. ಅಡಿಗೆಗೆ ಬೇಕಾದಷ್ಟು ಕಾಯಿಗಳನ್ನು ಅವಳು ಒಂದೊಂದಾಗಿ ಹರಿದು ಮಡಿಲಿಗೆ ಹಾಕಿಕೊಂಡಳು. ಆ ಒಂದನ್ನು ಮುಟ್ಟಲಿಲ್ಲ. ಉಟ್ಟ ಸೀರೆಯ ಅಂಚಿನಿಂದ ಬೆರಳಗಲದ ಚಿಂದಿ ಹರಿದು, ಕಚ್ಚಿದ ಕಾಯಿಯ ತೊಟ್ಟಿಗೆ ಸುತ್ತಿ, ಬಿಗಿಯದ ಹಾಗೆ ಗಂಟು ಹಾಕಿದಳು.