ಆರನೇ ನಂಬರಿನ ಗೌನು

ಮಂಗಳವಾರ ಬೆಳಿಗ್ಗೆ ಹೊಸ ಪೆಟ್ಟಿಗೆಗಳು ಬಂದವು. ಇಲ್ಡಾ ಮೆಡೇರೊಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕುಳಿತು, ಜಾಕೆಟ್ಟುಗಳ ಕುತ್ತಿಗೆಯ ಒಳಬದಿಯಲ್ಲಿದ್ದ ಅಳತೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಹನ್ನೆರಡು ಎಂದಿದ್ದ ಕಡೆ ಆರು ಎಂಬ ಪಟ್ಟಿ ಹೊಲಿಯಬೇಕು. ಹತ್ತು ಎಂದಿದ್ದರೆ ನಾಲ್ಕು. ಅಂಗಡಿಯ ಮಾಲಕಿ ಕೊರಿನ್ ಆಶ್ಬಿ ಈ ಸುಳ್ಳು ಪಟ್ಟಿಗಳನ್ನು ಅದೇ ರೇಷ್ಮೆ, ಅದೇ ಅಕ್ಷರದಲ್ಲಿ ನೇಯಿಸಿ ತರಿಸಿಟ್ಟುಕೊಂಡಿದ್ದಳು.

ಟೊರೊಂಟೊದ ಆ ಬೀದಿಯಲ್ಲಿ ದೊಡ್ಡ ವಿನ್ಯಾಸಕಾರರ ಉಡುಪು ಮಾರುವ ಅಂಗಡಿಗಳು ಸಾಲಾಗಿದ್ದವು. ಆದರೆ ಐವತ್ತು ದಾಟಿದ ಹೆಂಗಸರು ಕೊರಿನ್‌ಳ ಅಂಗಡಿಗೇ ಬರುತ್ತಿದ್ದರು. ಅಲ್ಲಿ ಎಲ್ಲರೂ ನಾಲ್ಕು, ಆರು ನಂಬರು ಸಣ್ಣಗಾಗುತ್ತಿದ್ದರು. ಕೊರಿನ್ ಗಿರಾಕಿಯನ್ನು ಬಾಗಿಲಲ್ಲೇ ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳಗಿಂದ ಸರಿಯಾದ ಉಡುಪನ್ನೇ ತರುತ್ತಿದ್ದಳು. ಅವಳ ಕಣ್ಣಂದಾಜು ತಪ್ಪುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ವರ್ಷ ಇಲ್ಡಾ ಕೇಳಿದ್ದಳು, "ಇದು ಮೋಸ ಅಲ್ವಾ ಕೊರಿನ್?"

"ಯಾರಿಗೆ ಮೋಸ? ಬಟ್ಟೆ ಮೈಗೆ ಸರಿಯಾಗಿ ಕೂತಿರತ್ತೆ. ಮನಸ್ಸಿಗೂ ಕೂತ್ರೆ ನಿಂಗೇನು ಕಷ್ಟ?"

ಇಲ್ಡಾ ಸೂಜಿಗೆ ದಾರ ಪೋಣಿಸಿದ್ದಳು. ಒಂಬತ್ತು ವರ್ಷದಿಂದ ಬಿಚ್ಚುತ್ತಿದ್ದಳು, ಹೊಲಿಯುತ್ತಿದ್ದಳು.

ಆ ದಿನ ಮಧ್ಯಾಹ್ನ ಮಾರ್ಗೊ ಡಂಕರ್ಲಿ ಬಂದಳು. ಅಂಗಡಿಯ ಹಳೆಯ ಗಿರಾಕಿ, ತನ್ನ ಉಡುಪನ್ನೆಲ್ಲ ಇಲ್ಲೇ ಕೊಳ್ಳುತ್ತಿದ್ದಳು. ಜೊತೆಗೆ ಹದಿನೇಳು ವರ್ಷದ ಮಗಳು ಟೆಸ್ಸಾ. ಜೂನ್‌ನಲ್ಲಿ ಹುಡುಗಿಯ ಶಾಲೆಯ ವಿದಾಯದ ನೃತ್ಯಕೂಟವಿತ್ತು. ಅದಕ್ಕೆಂದು ಮಾರ್ಗೊ ಪೇಟೆಯ ಬೇರೊಂದು ದೊಡ್ಡ ಮಳಿಗೆಯಿಂದ ಕಡುಹಸಿರು ರೇಷ್ಮೆಯ ಗೌನು ಕೊಂಡಿದ್ದಳು. ಅವಳು ಈ ಅಂಗಡಿಯಲ್ಲಿ ಕೊಳ್ಳುತ್ತಿದ್ದ ವಿನ್ಯಾಸಕಾರನದೇ ಗೌನು. ಅಳತೆ ಆರು. ಉದ್ದ ಸ್ವಲ್ಪ ಕಡಿಮೆ ಮಾಡಿಸಬೇಕಿತ್ತು.

ಉಡುಪು ಬದಲಿಸುವ ಕೋಣೆಯಲ್ಲಿ ಗೌನಿನ ಜಿಪ್ ಸೊಂಟದ ಮೇಲೆ ನಾಲ್ಕು ಬೆರಳು ಏರಿ ನಿಂತುಬಿಟ್ಟಿತು.

"ಹೊಟ್ಟೆ ಒಳಗೆ ಎಳ್ಕೋ," ಎಂದಳು ಮಾರ್ಗೊ.

"ಎಳ್ಕೊಂಡೇ ಇದೀನಿ ಅಮ್ಮಾ."

ಮಾರ್ಗೊ ಮಗಳ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಕನ್ನಡಿಗೆ ತೋರಿಸಿದಳು. "ಏನಿದು? ಎರಡು ಹೆತ್ತಿದೀನಿ, ಐವತ್ಮೂರು ವರ್ಷ ಆಯ್ತು. ನಾನು ಇವತ್ತಿಗೂ ಆರು. ನೀನು ಈ ವಯಸ್ಸಲ್ಲಿ ಹೀಗೆ ಉಬ್ಬಿದ್ರೆ ಮುಂದೆ ಹೇಗೆ?"

ನೆಲದ ಮೇಲೆ ಮಂಡಿಯೂರಿದ್ದ ಇಲ್ಡಾ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು. "ಹೊಲಿಗೆಯ ಒಳಗೆ ಮಡಿಚಿದ ಬಟ್ಟೆ ಬೇಕಾದಷ್ಟಿದೆ ಮೇಡಂ. ಎರಡೂ ಪಕ್ಕ ಬಿಚ್ಚಿ ಸಡಿಲ ಮಾಡಿಕೊಡ್ತೀನಿ."

"ಒಂದು ಎಳೆಯನ್ನೂ ಬಿಚ್ಚಬೇಡಿ! ಗೌನು ಸರಿಯಾಗೇ ಇದೆ. ಇವಳು ಸರಿಯಾಗ್ಬೇಕು. ಇನ್ನೂ ಮೂರು ವಾರ ಇದೆ."

ಟೆಸ್ಸಾ ಪಕ್ಕೆ ಸವರಿಕೊಂಡಳು. ಅಮ್ಮ ಹಿಡಿದಿದ್ದ ಕಡೆ ಚರ್ಮ ಕೆಂಪಾಗಿತ್ತು. ಮಾರ್ಗೊಳ ಪ್ರತಿಯೊಂದು ಉಡುಪೂ ಇಲ್ಡಾಳ ಕೈಯಲ್ಲೇ ಹಾದುಹೋಗಿತ್ತು. ಈ ಹೆಂಗಸು ಹನ್ನೆರಡರ ಮೈಯವಳು. ಹುಡುಗಿ ಹೆಚ್ಚೆಂದರೆ ಎಂಟು.

ಅವರು ಹೋದ ಮೇಲೆ ಇಲ್ಡಾ ಕೊರಿನ್‌ಳನ್ನು ಹಿಡಿದಳು. "ಆ ಮಗುಗಾದ್ರೂ ನಿಜ ಹೇಳೋಣ."

"ಹೇಳಿದ್ರೆ? ಮಾರ್ಗೊ ತನ್ನ ಗೆಳತಿಯರಿಗೆಲ್ಲ ಹೇಳ್ತಾಳೆ. ಆಮೇಲೆ ನಾನು ಬಾಗಿಲು ಹಾಕ್ಬೇಕಾಗತ್ತೆ, ನೀನು ಮನೇಲಿ ಕೂರ್ಬೇಕಾಗತ್ತೆ. ಎಳೇ ಮೈ, ನಾಲ್ಕು ದಿನ ಸೊಪ್ಪು ತಿಂದ್ರೆ ಏನೂ ಆಗಲ್ಲ ಬಿಡು."

ಇಲ್ಡಾ ಬಿಟ್ಟಳು. ಬಿಟ್ಟೆನಲ್ಲ ಎಂದು ಆಮೇಲೆ ಬಹಳ ದಿನ ತನ್ನನ್ನು ತಾನೇ ಹಳಿದುಕೊಂಡಳು.

ಮುಂದಿನ ಮಂಗಳವಾರ ಜಿಪ್ ಒಂದಿಷ್ಟು ಮೇಲೇರಿತು. ಮಾರ್ಗೊ ಚಪ್ಪಾಳೆ ತಟ್ಟಿದಳು. ಹುಡುಗಿಯ ಕೆನ್ನೆ ಇಳಿದಿತ್ತು, ತುಟಿ ಒಡೆದಿತ್ತು. ಮೂರನೆಯ ಮಂಗಳವಾರ ಅಂಚು ಗುರುತು ಹಾಕಲು ಇಲ್ಡಾ ಹತ್ತಿರ ಹೋದಾಗ, ಟೆಸ್ಸಾಳ ಉಸಿರಿನಲ್ಲಿ ಹಸಿದ ಬಾಯಿಯ ಹುಳಿ ವಾಸನೆ ಬಡಿಯಿತು. ಅಮ್ಮನ ದುಬಾರಿ ಅತ್ತರು ಅದರೊಂದಿಗೆ ಬೆರೆತು ಆ ಪುಟ್ಟ ಕೋಣೆ ತುಂಬಿತ್ತು. ಇಲ್ಡಾ ಉಸಿರು ಬಿಗಿಹಿಡಿದಳು.

"ಇನ್ನು ಎರಡೇ ಬೆರಳು!" ಮಾರ್ಗೊ ಗೌನಿನ ಎರಡು ಅಂಚುಗಳನ್ನು ಹಿಡಿದೆಳೆದಳು. "ಉಸಿರು ಪೂರ್ತಿ ಬಿಡು. ಇನ್ನೂ ಬಿಡು."

ಟೆಸ್ಸಾ ಉಸಿರು ಬಿಟ್ಟಳು. ಅವಳ ಕಣ್ಣು ಮೇಲಕ್ಕೆ ಹೋಯಿತು. ಗೋಡೆಗೆ ಒರಗಿ, ಹಾಗೇ ಜಾರಿ ನೆಲಕ್ಕೆ ಕುಸಿದಳು.

ಇಲ್ಡಾ ಓಡಿಹೋಗಿ ನೀರು ತಂದು ಮುಖ ಒರೆಸಿದಳು. ಕ್ಷಣದಲ್ಲೇ ಹುಡುಗಿ ಕಣ್ಣು ಬಿಟ್ಟಳು. ಮಾರ್ಗೊಳ ಮುಖ ಬಿಳಿಚಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. "ನಾಟಕ ಸಾಕು ಟೆಸ್ಸಾ. ನಾನು ಮೂವತ್ತು ವರ್ಷದಿಂದ ಹೀಗೇ ಅರೆಹೊಟ್ಟೇಲಿ ಬದುಕಿದೀನಿ, ಒಂದು ಸಲಾನಾದ್ರೂ ಬಿದ್ದಿದೀನಾ?"

ಇಲ್ಡಾ ಹುಡುಗಿಯ ಮೈಯಿಂದ ಗೌನನ್ನು ಮೆಲ್ಲಗೆ ಬಿಡಿಸಿ, ಅಂಗಡಿಯ ಬಿಳಿ ನಿಲುವಂಗಿ ಹೊದಿಸಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು. ಆ ಕೈಗಳ ಮೇಲೆ ಅವಳಿಗೆ ಎಂದೂ ಇಲ್ಲದ ಹೇಸಿಗೆ ಹುಟ್ಟಿತು. ಗೌನನ್ನು ತಾಯಿಯ ಕಡೆ ಚಾಚಿದಳು.

"ನೀವು ಹಾಕ್ಕೊಳಿ ಮೇಡಂ."

"ನಾನಾ?"

"ನೀವು ಆರು ಅಲ್ವಾ? ಇದೂ ಆರು. ಅದೇ ವಿನ್ಯಾಸಕಾರ. ಹೇಗೆ ಹಾಕ್ಕೋಬೇಕು ಅಂತ ಮಗಳಿಗೆ ತೋರಿಸಿ."

ಮಾರ್ಗೊ ನಕ್ಕಳು. ಆ ಸವಾಲು ಅವಳಿಗೆ ಹಿಡಿಸಿರಬೇಕು. ತೊಟ್ಟಿದ್ದ ಉಡುಪು ಕಳಚಿ, ಗೌನನ್ನು ತಲೆಯ ಮೇಲಿಂದ ಇಳಿಸಿಕೊಂಡಳು. ಅದು ಭುಜ ದಾಟಿ, ಎದೆಯ ಬಳಿ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಎರಡೂ ತೋಳು ಗಾಳಿಯಲ್ಲಿ, ಮುಖ ರೇಷ್ಮೆಯೊಳಗೆ. ಎಲ್ಲೋ ಒಂದು ಹೊಲಿಗೆ ಪಟಪಟನೆ ಬಿಟ್ಟಿತು.

"ತೆಗೀರಿ! ಉಸಿರಾಡೋಕಾಗ್ತಿಲ್ಲ, ತೆಗೀರಿ!"

ಇಲ್ಡಾ ಬಿಡಿಸಿದಳು. ಮಾರ್ಗೊಳ ಕೂದಲು ಕೆದರಿತ್ತು, ತುಟಿಯ ಬಣ್ಣ ಕೆನ್ನೆಗೆ ಮೆತ್ತಿತ್ತು. "ಈ ಗೌನಿನ ಅಳತೆಯೇ ತಪ್ಪು!"

ಸದ್ದು ಕೇಳಿ ಬಂದ ಕೊರಿನ್ ಬಾಗಿಲಲ್ಲೇ ಎಲ್ಲವನ್ನೂ ಅರ್ಥ ಮಾಡಿಕೊಂಡಳು. "ಹೌದು ಮಾರ್ಗೊ, ಖಂಡಿತ ತಪ್ಪೇ. ಈಚೆಗೆ ಬರೋ ಸರಕೇ ಹಾಗೆ. ವಾಪಸು ಕೊಟ್ಬಿಡಿ."

ಅಲ್ಲಿಗೆ ಮುಗಿಯಬಹುದಿತ್ತು. ಗೌನಿನ ಮೇಲೆ ತಪ್ಪು ಹೊರಿಸಿದರೆ ಹುಡುಗಿಗೂ ಬಿಡುಗಡೆ, ಇಲ್ಡಾಳ ಕೆಲಸವೂ ಉಳಿಯುತ್ತಿತ್ತು. ಇಲ್ಡಾ ಟೆಸ್ಸಾಳ ಕಡೆ ನೋಡಿದಳು. ಮುಂದಿನ ಗೌನಿಗೆ ಮತ್ತೆ ಇದೇ ಪಾಡು.

"ಗೌನು ಸರಿಯಾಗಿದೆ," ಎಂದಳು. "ನಿಮ್ಮ ಬಟ್ಟೆಗಳಲ್ಲಿರೋ ನಂಬರು ಸುಳ್ಳು. ನೀವು ಹನ್ನೆರಡು ಮೇಡಂ. ಹನ್ನೆರಡು ಬಿಚ್ಚಿ ಆರು ಹೊಲಿದವಳು ನಾನೇ. ಒಂಬತ್ತು ವರ್ಷದಿಂದ."

"ಇಲ್ಡಾ!" ಕೊರಿನ್ ಕಿರುಚಿದಳು.

ಮಾರ್ಗೊ ನಿಧಾನವಾಗಿ ಕೊರಿನ್‌ಳ ಕಡೆ ತಿರುಗಿದಳು. "ಇದು ನಿಜಾನಾ?"

ಕೊರಿನ್‌ಳ ದನಿಯ ಸಕ್ಕರೆ ಕರಗಿಹೋಯಿತು. "ಮೊದಲನೇ ದಿನ ನಿಮಗೆ ಹನ್ನೆರಡು ತಂದುಕೊಟ್ಟಿದ್ದೆ, ನೆನಪಿದೆಯಾ? ಅದನ್ನ ನನ್ನ ಕಾಲ ಬುಡಕ್ಕೆ ಎಸೆದು ಹೊರಟುಹೋದ್ರಿ. ಮುಂದಿನ ತಿಂಗಳು ಅದೇ ಕೋಟಿಗೆ ಆರು ಅಂತ ಹಾಕಿಕೊಟ್ಟೆ. ನನ್ನ ತಬ್ಕೊಂಡ್ರಿ. ನಿಮಗೆ ನಿಜ ಬೇಕಿತ್ತಾ ಮಾರ್ಗೊ? ಯಾವತ್ತಾದ್ರೂ ಬೇಕಿತ್ತಾ?"

"ನೀವಿಬ್ರೂ ಹಿಂದೆ ಕೂತು ನನ್ನ ನೋಡಿ ನಗ್ತಿದ್ರಿ."

"ನಾನು ನಗಲಿಲ್ಲ ಮೇಡಂ," ಎಂದಳು ಇಲ್ಡಾ. "ಸುಮ್ಮನಿದ್ದೆ. ಅದು ನಗೋದಕ್ಕಿಂತ ಹೊಲಸು."

ಮಾರ್ಗೊ ಕನ್ನಡಿಯ ಕಡೆ ನೋಡಿದಳು. ಅಲ್ಲಿ ಒಳಲಂಗದಲ್ಲಿ ನಿಂತ ಸಾಮಾನ್ಯ ಹೆಂಗಸೊಬ್ಬಳಿದ್ದಳು. ಅವಳ ಹಿಂದೆ, ನೆಲದ ಮೇಲೆ, ಮೊಣಕಾಲು ತಬ್ಬಿಕೊಂಡು ಕುಳಿತ ಮಗಳು.

"ಅಮ್ಮಾ," ಎಂದಳು ಟೆಸ್ಸಾ, ತೀರಾ ಸಣ್ಣ ದನಿಯಲ್ಲಿ. "ನಂಗೆ ಹಸಿವು."

ಇಲ್ಡಾ ಹಿಂದಿನ ಕೋಣೆಗೆ ಹೋಗಿ ತನ್ನ ಚೀಲ ತಂದಳು. ಎಣ್ಣೆ ಕಾಗದದಲ್ಲಿ ಸುತ್ತಿದ ದಪ್ಪ ಬ್ರೆಡ್ಡು, ಒಳಗೆ ಬೆಳ್ಳುಳ್ಳಿ ಹಾಕಿ ಹುರಿದ ಮಾಂಸ. ಅದನ್ನು ಹುಡುಗಿಯ ಮಡಿಲಲ್ಲಿಟ್ಟಳು. "ನಿಧಾನ ಮಗಳೇ. ಸಣ್ಣ ಸಣ್ಣ ತುತ್ತು."

"ಇಲ್ಲಿ ಊಟ ಬೇಡ!" ಎಂದಳು ಕೊರಿನ್. "ನೀನು ನಾಳೆಯಿಂದ ಬರಬೇಡ ಇಲ್ಡಾ."

"ಸರಿ. ಇದರ ಪಕ್ಕ ಬಿಚ್ಚಿಕೊಟ್ಟು ಹೋಗ್ತೀನಿ." ಇಲ್ಡಾ ಗೌನನ್ನು ತೊಡೆಯ ಮೇಲೆ ಹರಡಿಕೊಂಡು ಕತ್ತರಿ ತೆಗೆದಳು.

ಟೆಸ್ಸಾ ಕಚ್ಚಿದಳು. ಅಗಿಯುತ್ತಲೇ ಅವಳ ಕಣ್ಣಿಂದ ನೀರಿಳಿಯಿತು. ಮಾರ್ಗೊ ಗೋಡೆ ಹಿಡಿದುಕೊಂಡು ಮಗಳ ಪಕ್ಕ ಕುಳಿತಳು. ಮಗಳ ಪಕ್ಕೆಯ ಮೇಲೆ, ತಾನು ಹಿಂಡಿದ್ದ ಜಾಗದಲ್ಲಿ, ಅಂಗೈ ಇಟ್ಟಳು.

ಟೆಸ್ಸಾ ಬ್ರೆಡ್ಡನ್ನು ಮುರಿದು ಅರ್ಧ ಚಾಚಿದಳು. ಮಾರ್ಗೊ ಅದನ್ನು ಕೈಗೆ ತೆಗೆದುಕೊಂಡು, ಹೊಲಸನ್ನು ನೋಡುವಂತೆ ನೋಡಿದಳು. ಎಣ್ಣೆ ಅವಳ ಉಂಗುರದ ಮೇಲೆ ಜಿನುಗಿತು. ಕೊನೆಗೆ ಕಣ್ಣು ಮುಚ್ಚಿ ಒಂದು ತುಣುಕು ಕಚ್ಚಿದಳು. ಇನ್ನೊಂದು. ಆಮೇಲೆ ನಾಚಿಕೆ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ತುಂಡು ಪೂರ್ತಿ ತಿಂದು ಮುಗಿಸಿದಳು. ಬೆರಳು ನೆಕ್ಕಿಕೊಂಡು ತಲೆಯೆತ್ತಿದಳು.

"ಇಲ್ಡಾ," ಎಂದಳು, "ಇನ್ನೂ ಇದೆಯಾ?"